ಮೂರನೇ ತರಗತಿಯ ಹುಡುಗನ ವಿಷಯವಾಗಿ ಪೋಷಕರಿಗೆ ಪತ್ರ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ

ಮಾನ್ಯ ಪೋಷಕರಿಗೆ ಮುಖ್ಯಗುರುವಿನ ನಮಸ್ಕಾರಗಳು.

ಕಳೆದ ವಾರ ಬಿಸಿಯೂಟದ ಹೊತ್ತಿನಲ್ಲಿ ನಮ್ಮ ಶಾಲೆಯಲ್ಲಿ ನಡೆದ ಘಟನೆ ಈಗಾಗಲೇ ನಿಮ್ಮೆಲ್ಲರ ಕಿವಿಗೆ ಬಿದ್ದಿದೆ. ಮೂರನೇ ತರಗತಿಯ ಹುಡುಗನೊಬ್ಬ ಎರಡೂ ಕಿವಿ ಮುಚ್ಚಿಕೊಂಡು ಕಿರುಚಿ, ಪಕ್ಕದಲ್ಲಿದ್ದ ಮಗುವನ್ನು ತಳ್ಳಿದ. ಆ ಮಗುವಿನ ಮೊಣಕೈ ತರಚಿತು. ಮರುದಿನ ನಾಲ್ವರು ಪೋಷಕರು ನನ್ನ ಕೊಠಡಿಗೆ ಬಂದು, "ಆ ಹುಡುಗನ್ನ ಬ್ಯಾರೆ ಸಾಲಿಗಿ ಕಳಸ್ರಿ ಸರ್, ನಮ್ಮ ಮಕ್ಕಳು ಅಂಜತಾವ" ಎಂದರು. ಗಾಯಗೊಂಡ ಮಗುವಿನ ತಂದೆ-ತಾಯಿಯ ಕ್ಷಮೆಯನ್ನು ನಾನು ಅವರ ಮನೆಗೇ ಹೋಗಿ ಕೇಳಿದ್ದೇನೆ, ಏಕೆಂದರೆ ಆ ಹೊತ್ತಿನಲ್ಲಿ ಮಕ್ಕಳನ್ನು ಕಾಯುವ ಹೊಣೆ ನನ್ನದಾಗಿತ್ತು. ಆದರೆ ಆ ಹುಡುಗ ಇದೇ ಶಾಲೆಯಲ್ಲಿ ಓದುತ್ತಾನೆ. ಹಾಗೆ ಏಕೆ ತೀರ್ಮಾನಿಸಿದೆವು ಎಂಬುದನ್ನು, ಅವನ ಪೋಷಕರ ಒಪ್ಪಿಗೆ ಪಡೆದು, ನಿಮ್ಮ ಮುಂದಿಡುತ್ತಿದ್ದೇನೆ.

ಅವನಿಗೆ ಆಟಿಸಂ ಇದೆ. ಇದು ಜ್ವರದಂತೆ ಬಂದು ಹೋಗುವ ಕಾಯಿಲೆಯಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ, ಹುಟ್ಟಿನಿಂದ ಜೊತೆಗೆ ಬಂದು ಬದುಕಿನುದ್ದಕ್ಕೂ ಉಳಿಯುವ ವ್ಯತ್ಯಾಸ. ಸರ್ಕಾರಿ ಕಾಗದಪತ್ರಗಳಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ. ಆ ಪದ ನನಗೆ ಅಷ್ಟು ಹಿಡಿಸುವುದಿಲ್ಲ. ತನ್ನಲ್ಲಿಯೇ ಲೀನವಾದವನು ಎಂದರೆ ಹೊರಗಿನ ಲೋಕ ಅವನನ್ನು ತಟ್ಟುವುದಿಲ್ಲ ಎಂದಂತಾಗುತ್ತದೆ. ನಾನು ದಿನವೂ ನೋಡುವ ಹುಡುಗನನ್ನಾದರೆ ಲೋಕ ನಮಗಿಂತ ಹೆಚ್ಚಾಗಿ, ಎಷ್ಟೋ ಸಲ ತಡೆಯಲಾರದಷ್ಟು ತಟ್ಟುತ್ತದೆ.

ಇದು ನನಗೆ ಅರ್ಥವಾದದ್ದು ಘಟನೆಯ ಮರುದಿನ, ಅವನು ಕೂರುವ ಜಾಗದಲ್ಲಿ ನಾನೇ ಕಣ್ಣು ಮುಚ್ಚಿ ಕುಳಿತಾಗ. ನಮ್ಮ ಊಟದ ಕೋಣೆಗೆ ಮೇಲೆ ತಗಡು, ಕೆಳಗೆ ಶಹಾಬಾದಿ ಫರಸಿ. ನೂರಕ್ಕೂ ಹೆಚ್ಚು ಸ್ಟೀಲ್ ತಟ್ಟೆಗಳು ಆ ಕಲ್ಲಿನ ಮೇಲೆ ಒಮ್ಮೆಲೇ ಬೀಳುವ ಸದ್ದು, ಸೌಟಿನ ಸದ್ದು, ತಗಡಿಗೆ ಬಡಿದು ಹಿಂದಿರುಗುವ ಮಕ್ಕಳ ಕೂಗು, ಒಗ್ಗರಣೆಯ ಘಾಟು, ಇವೆಲ್ಲದರ ನಡುವೆ ಗೋಡೆಯಾಚೆಗೇ ಬಾರಿಸುವ ಗಂಟೆ. ನಮ್ಮ ಮಿದುಳು ಇವುಗಳಲ್ಲಿ ಬೇಕಾದುದನ್ನು ಮಾತ್ರ ಆರಿಸಿಕೊಂಡು ಉಳಿದುದನ್ನು ಹಿಂದಕ್ಕೆ ಸರಿಸುತ್ತದೆ. ಆಟಿಸಂ ಇರುವ ಅನೇಕರಲ್ಲಿ ಈ ಸೋಸುವಿಕೆ ಹಾಗೆ ನಡೆಯುವುದಿಲ್ಲ. ಎಲ್ಲವೂ ಒಂದೇ ಜೋರಿನಲ್ಲಿ ಒಳಗೆ ನುಗ್ಗುತ್ತವೆ. ನಾವು ಹಟ ಎಂದುಕೊಂಡದ್ದು ನೋವಾಗಿತ್ತು. ಅವನು ತಳ್ಳಿದ್ದು ಆ ಮಗುವನ್ನು ನೋಯಿಸಲಿಕ್ಕಲ್ಲ, ಬಾಗಿಲ ಕಡೆಗೆ ದಾರಿ ಮಾಡಿಕೊಳ್ಳಲಿಕ್ಕೆ.

ಇದಕ್ಕೆ ತಾಯಿಯೇ ಕಾರಣ ಎಂಬ ಮಾತು ಊರಿನಲ್ಲಿ ಓಡಾಡುತ್ತಿದೆ: ಮಗುವನ್ನು ಬಿಟ್ಟು ಹೊಲಕ್ಕೆ ಹೋಗುತ್ತಿದ್ದಳು, ಕೈಗೆ ಮೊಬೈಲ್ ಕೊಟ್ಟಳು, ಯಾರದೋ ದೃಷ್ಟಿ ತಾಗಿತು ಎಂದು. ಆ ತಾಯಿ ನಾಲಿಗೆಗೆ ಬಜೆ ತಿಕ್ಕಿದ್ದಾಳೆ, ತಾಯತ ಕಟ್ಟಿಸಿದ್ದಾಳೆ, ಹರಕೆ ಹೊತ್ತಿದ್ದಾಳೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನನ್ನೇ ಬೈದುಕೊಂಡಿದ್ದಾಳೆ. ತಾಯಿಯನ್ನು ದೂರುವ ಈ ತಪ್ಪನ್ನು ಮಾಡಿದವರು ನಾವೇ ಮೊದಲಲ್ಲ. ಅಮೆರಿಕದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಇಂಥ ಹನ್ನೊಂದು ಮಕ್ಕಳ ಬಗ್ಗೆ ಬರೆದ ಮೇಲೆ, ಹಲವು ವರ್ಷಗಳ ಕಾಲ ಅಲ್ಲಿನ ತಜ್ಞರೇ ತಾಯಂದಿರ ಅಕ್ಕರೆ ಸಾಲದ್ದರಿಂದ ಮಕ್ಕಳು ಹೀಗಾಗುತ್ತಾರೆ ಎಂದು ಹೇಳುತ್ತಿದ್ದರು. ಆಟಿಸಂ ಇದ್ದ ಮಗನ ತಂದೆಯೂ ಮನಃಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಆ ವಾದವನ್ನು ಎದುರಿಸಿ, ಕಾರಣ ದೇಹದ ರಚನೆಯಲ್ಲಿದೆ ಎಂದು ತೋರಿಸಿಕೊಟ್ಟರು. ಲಸಿಕೆಯಿಂದ ಆಟಿಸಂ ಬರುತ್ತದೆ ಎಂದು ಸೂಚಿಸಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ.

ಇನ್ನು ಅವನ ಓದಿನ ವಿಷಯ. "ಏನೂ ಬರದವನನ್ನು ತರಗತಿಯಲ್ಲಿ ಏಕೆ ಕೂರಿಸಬೇಕು" ಎಂದು ಕೇಳಿದವರಿಗೆ ಒಂದು ಸಂಗತಿ ತಿಳಿಸಬೇಕು. ಎರಡನೇ ತರಗತಿಯಲ್ಲಿ ನಮ್ಮ ಗುರುಮಾತೆಯವರು ಬಾಯಿಲೆಕ್ಕ ಕೇಳಿದಾಗಲೆಲ್ಲ ಅವನು ಒಂದಕ್ಕೂ ಉತ್ತರಿಸಲಿಲ್ಲ, ವರ್ಷವಿಡೀ ಸೊನ್ನೆ. ಈ ವರ್ಷ ಅವರು ಮಾತು ಬಿಟ್ಟು ಅದೇ ಲೆಕ್ಕಗಳನ್ನು ಚೀಟಿಯಲ್ಲಿ ಬರೆದು ಅವನ ಮುಂದಿಟ್ಟರು. ಒಂದು ನಿಮಿಷ ಸುಮ್ಮನಿದ್ದು ಅಷ್ಟನ್ನೂ ಸರಿಯಾಗಿ ಬರೆದ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮಿಶೆಲ್ ಡಾಸನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಬಗೆಯ ಅಂತರ ಕಂಡುಬಂದಿತ್ತು. ಆಟಿಸಂ ಇರುವ 38 ಮಕ್ಕಳಿಗೆ ಅವರು ಎರಡು ಬುದ್ಧಿಪರೀಕ್ಷೆ ಕೊಟ್ಟರು. ಒಂದರಲ್ಲಿ ಮಾತಿನ ಪ್ರಶ್ನೋತ್ತರ ಹೆಚ್ಚು. ಇನ್ನೊಂದರಲ್ಲಿ ಚಿತ್ರವಿನ್ಯಾಸವನ್ನು ನೋಡಿ ಬಿಟ್ಟುಹೋದ ತುಂಡನ್ನು ಗುರುತಿಸಬೇಕು. ನೂರು ಮಕ್ಕಳನ್ನು ಅಂಕಗಳ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಎರಡನೆಯ ಪರೀಕ್ಷೆಯಲ್ಲಿ ಆ ಮಕ್ಕಳು ಸರಾಸರಿ 30 ಸ್ಥಾನ ಮುಂದೆ ಬಂದರು. ಈ ಸಂಶೋಧನೆ ನಡೆಸಿದ ಡಾಸನ್ ಅವರಿಗೂ ಆಟಿಸಂ ಇದೆ.

ಹಾಗೆಂದು ಇಂಥ ಪ್ರತಿ ಮಗುವಿನೊಳಗೂ ಒಬ್ಬ ಮೇಧಾವಿ ಅಡಗಿದ್ದಾನೆ ಎಂದು ನಾನು ಹೇಳುತ್ತಿಲ್ಲ. ಕೆಲವು ಮಕ್ಕಳು ಎಂದೂ ಮಾತಾಡದಿರಬಹುದು, ಕೆಲವರಿಗೆ ಕೊನೆಯವರೆಗೂ ಊಟಕ್ಕೆ, ಸ್ನಾನಕ್ಕೆ ಇನ್ನೊಬ್ಬರ ಕೈ ಬೇಕಾಗಬಹುದು. ಅವರೂ ನಮ್ಮ ಮಕ್ಕಳೇ. ನಾನು ಹೇಳುವುದಿಷ್ಟೇ: ನಾವು ಒಂದೇ ಬಾಗಿಲಲ್ಲಿ ನಿಂತು ಕೂಗಿ, ಒಳಗೆ ಯಾರೂ ಇಲ್ಲ ಎಂದು ಹಿಂದಿರುಗಿ ಬರುತ್ತಿದ್ದೆವು.

ತೆಲಂಗಾಣದ ಗಡಿಯ ನಮ್ಮ ಸೀಮೆಯಲ್ಲಿ ಕನ್ನಡ, ತೆಲುಗು, ದಖ್ಖನಿ ಉರ್ದು ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಸಂತೆಯಲ್ಲಿ ತೆಲುಗಿನವರ ಮಾತು ತಿಳಿಯದಿದ್ದರೆ ನಾವು ಅವರನ್ನು ಬುದ್ಧಿಯಿಲ್ಲದವರು ಎನ್ನುವುದಿಲ್ಲ. ಅವರು ನಾಲ್ಕು ಕನ್ನಡ ಪದ, ನಾವು ನಾಲ್ಕು ತೆಲುಗು ಪದ ಕಲಿತು ವ್ಯಾಪಾರ ಮುಗಿಸುತ್ತೇವೆ. ತಾವೂ ಆಟಿಸಂ ಇರುವ ಬ್ರಿಟನ್ನಿನ ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದ ವಿಚಾರ ಇದಕ್ಕೆ ಹತ್ತಿರದ್ದು: ಅರ್ಥವಾಗದಿರುವುದು ಒಂದೇ ಕಡೆಯ ಕೊರತೆಯಲ್ಲ, ಅವರು ನಮಗೆ ತಿಳಿಯದಷ್ಟೇ ನಾವೂ ಅವರಿಗೆ ತಿಳಿಯುವುದಿಲ್ಲ. ಎಡಿನ್‌ಬರೋದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮಕ್ಕಳು ಕಿವಿಯಿಂದ ಕಿವಿಗೆ ಮಾತು ದಾಟಿಸುವ ಆಟದಂತೆ, ಎಂಟೆಂಟು ವಯಸ್ಕರು ಒಬ್ಬರಿಂದೊಬ್ಬರಿಗೆ ಒಂದು ಕಥೆಯನ್ನು ದಾಟಿಸಬೇಕಿತ್ತು. ಎಂಟೂ ಜನರಿಗೆ ಆಟಿಸಂ ಇದ್ದ ಸಾಲು, ಯಾರಿಗೂ ಆಟಿಸಂ ಇಲ್ಲದ ಸಾಲಿನಷ್ಟೇ ಚೆನ್ನಾಗಿ ಕಥೆಯನ್ನು ಕೊನೆ ಮುಟ್ಟಿಸಿತು. ತಮ್ಮಂಥವರೊಂದಿಗೆ ಅವರ ಮಾತು ಸಲೀಸಾಗಿ ಸಾಗುತ್ತದೆ ಎಂದಾದರೆ, ನಮ್ಮೊಂದಿಗೆ ಅದು ಎಡವುವಲ್ಲಿ ನಮ್ಮ ಪಾಲೂ ಇದೆ.

ಇಷ್ಟು ಒತ್ತಿ ಬರೆಯುವುದಕ್ಕೆ ನನ್ನದೇ ಒಂದು ತಪ್ಪು ಕಾರಣ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೊಂದು ಊರಿನಲ್ಲಿ, ಯಾರ ಮುಖವನ್ನೂ ನೋಡದೆ ದಿನವಿಡೀ ಹುಣಸೆ ಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದ ಹುಡುಗಿಯೊಬ್ಬಳಿದ್ದಳು. ಅವಳ ತಂದೆಯನ್ನು ಕರೆಸಿ, "ಇವಳಿಗೆ ಓದು ಹತ್ತುವುದಿಲ್ಲ, ಮನೆಯಲ್ಲಿಯೇ ಇಟ್ಟುಕೊಳ್ಳಿ" ಎಂದು ಹೇಳಿದವನು ನಾನೇ. ಆತ ಒಂದು ಮಾತೂ ಎದುರಾಡದೆ ಕೈಮುಗಿದು ಅವಳನ್ನು ಕರೆದುಕೊಂಡು ಹೋದ. ಅವಳು ಈಗ ಎಲ್ಲಿದ್ದಾಳೋ ನನಗೆ ತಿಳಿಯದು. ಆ ಕೈಮುಗಿದ ತಂದೆಯನ್ನು ನಾನು ಮರೆತಿಲ್ಲ.

ಕಾನೂನಿನ ಮಾತನ್ನೂ ತಿಳಿಸಿಬಿಡುತ್ತೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಗಳಲ್ಲಿ ಆಟಿಸಂ ಒಂದು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವಿಕಲತೆ ಇದೆ ಎಂದು ಪ್ರಮಾಣಪತ್ರ ಪಡೆದ ಮಗು ಅದರಡಿ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತವಾಗಿ ಓದಬಹುದು. ಆ ಆಯ್ಕೆ ಮಗುವಿನ ಮನೆಯವರದು, ನೆರೆಯವರದಲ್ಲ. ನಿಮ್ಮ ಮನೆಯಲ್ಲೂ ಹೆಸರು ಕರೆದರೆ ತಿರುಗದ, ಬೇಕಾದುದನ್ನು ಬೆರಳು ತೋರಿಸಿ ಕೇಳದ, ಕಲಿತ ಮಾತನ್ನು ಬಿಟ್ಟುಬಿಟ್ಟ ಕೂಸಿದ್ದರೆ, "ಗಂಡು ಹುಡುಗರು ತಡವಾಗಿ ಮಾತಾಡುತ್ತಾರೆ" ಎಂದು ಕಾಯದೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೆ ತೋರಿಸಿರಿ.

ಸೋಮವಾರದಿಂದ ಬಿಸಿಯೂಟವನ್ನು ಎರಡು ಪಾಳಿಯಲ್ಲಿ ಬಡಿಸುತ್ತೇವೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಒಪ್ಪಿದ್ದಾರೆ. ತಟ್ಟೆ ಇಡಲು ಕಲ್ಲಿನ ಮೇಲೆ ತಾಡಪತ್ರಿ ಹಾಸುತ್ತೇವೆ, ಆದ್ದರಿಂದ ಮನೆಯಲ್ಲಿ ಹಳೆಯ ತಾಡಪತ್ರಿ ಇದ್ದವರು ತೊಳೆದು ಕೊಟ್ಟರೆ ಉಪಕಾರವಾಗುತ್ತದೆ. ನಿಮ್ಮ ಮಕ್ಕಳು ಅವನನ್ನು "ಹುಚ್ಚ" ಎಂದು ಕೂಗಿದರೆ ದಯವಿಟ್ಟು ಅಲ್ಲಿಯೇ ತಡೆಯಿರಿ. ಅವನು ಕಿವಿ ಮುಚ್ಚಿಕೊಂಡಾಗ ಮುಟ್ಟದೆ, ಸುತ್ತ ಗುಂಪು ಕಟ್ಟದೆ, ಬಾಗಿಲ ಕಡೆಯ ದಾರಿ ಬಿಟ್ಟುಕೊಡಬೇಕೆಂದು ಹೇಳಿಕೊಡಿರಿ. ಮೊಣಕೈ ತರಚಿದ ಆ ಮಗು ಇದನ್ನು ಆಗಲೇ ಕಲಿತಿದೆ: ನಿನ್ನೆ ಗಂಟೆ ಬಾರಿಸುವ ಮುಂಚೆ ಅವನ ಮುಂದೆ ಹೋಗಿ, ತನ್ನ ಎರಡೂ ಕೈಗಳನ್ನು ತನ್ನ ಕಿವಿಗಿಟ್ಟುಕೊಂಡು ತೋರಿಸಿತು, ಅವನೂ ಹಾಗೆಯೇ ಇಟ್ಟುಕೊಂಡ.

ತಮ್ಮ ವಿಶ್ವಾಸಿ,
ಮುಖ್ಯಗುರು