ಖಡಕ್ವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ (ಎನ್.ಡಿ.ಎ.) ತರಬೇತಿಯಲ್ಲಿರುವ ಮಗಳಿಗೊಂದು ಪತ್ರ

ತಳೇಗಾಂವ ದಾಭಾಡೆ
ಆಗಸ್ಟ್ 2025

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಭಾನುವಾರ ನೀನು ಫೋನ್ ಇಟ್ಟ ಮೇಲೆ ನಿಮ್ಮವ್ವ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಬಾಯಿ ಬಿಟ್ಟಳು. ಮೊಣಕಾಲಿನ ಕೆಳಗೆ ನೋವಿದೆ, ನೋವಿನ ಸ್ಪ್ರೇ ಮತ್ತು ಗುಳಿಗೆ ಕಳುಹಿಸಬೇಕು, ಅಪ್ಪನಿಗೆ ಹೇಳಬಾರದು ಎಂದೆಯಂತೆ. ಅವಳ ಮೇಲೆ ಸಿಟ್ಟಾಗಬೇಡ. ಎರಡನ್ನೂ ನಾವು ಕಳುಹಿಸುವುದಿಲ್ಲ. ನಾಳೆಯೇ ಸಿಕ್ ರಿಪೋರ್ಟ್ ಮಾಡಿ ಡಾಕ್ಟರರಿಗೆ ಕಾಲು ತೋರಿಸು.

ನೀನು ಏಕೆ ಹೋಗುತ್ತಿಲ್ಲವೆಂಬುದು ನನಗೆ ಗೊತ್ತು. ಡಾಕ್ಟರರು ಅಟೆಂಡ್-ಸಿ ಎಂಬ ವಿನಾಯಿತಿ ಚೀಟಿ ಬರೆದುಕೊಟ್ಟರೆ ಓಟವೂ ಪಿ.ಟಿ.ಯೂ ತಪ್ಪುತ್ತವೆ, ಹೆಚ್ಚು ದಿನ ತಪ್ಪಿದರೆ ರೆಲಿಗೇಶನ್ ಆಗಿ ಒಂದು ಟರ್ಮ್ ಹಿಂದಕ್ಕೆ ಬೀಳಬೇಕಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ‘ಹುಡುಗಿಯರೆಂದರೆ ಇಷ್ಟೇ’ ಎಂದು ಯಾರಾದರೂ ಅಂದಾರೆಂಬ ಅಂಜಿಕೆ. ಮೇ 30ರಂದು ಎನ್.ಡಿ.ಎ.ಯಿಂದ ಮೊದಲ 17 ಹುಡುಗಿಯರು ಪಾಸಾಗಿ ಹೊರಬಂದದ್ದನ್ನು ನೋಡುವಾಗ ನಿನ್ನ ಮುಖವನ್ನು ಗಮನಿಸಿದವನು ನಾನು.

1985ರಲ್ಲಿ ಬೆಳಗಾವಿಯ ಮರಾಠಾ ಲೈಟ್ ಇನ್ಫಂಟ್ರಿ ಸೆಂಟರಿನಲ್ಲಿ ನಾನು ಹೊಸದಾಗಿ ಭರ್ತಿಯಾದ ರಂಗರೂಟನಾಗಿದ್ದಾಗ ಪಕ್ಕದ ಮಂಚದಲ್ಲಿ ಗದಗ ಕಡೆಯ ಹುಡುಗನೊಬ್ಬನಿದ್ದ. ಓಟದಲ್ಲಿ ನಮ್ಮೆಲ್ಲರಿಗಿಂತ ಮುಂದೆ. ಅವನು ಬ್ಯಾರಕ್ಕಿನ ಮೆಟ್ಟಿಲುಗಳನ್ನು ಅಡ್ಡಡ್ಡವಾಗಿ, ಗೋಡೆಗೆ ಕೈಯೂರಿ ಇಳಿಯತೊಡಗಿದ. ಕೇಳಿದರೆ ಬೂಟು ಕಚ್ಚಿದೆ ಎನ್ನುತ್ತಿದ್ದ. ರಾತ್ರಿ ಕಂಬಳಿಯೊಳಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ವಾಸನೆ ನನಗೆ ಬರುತ್ತಿತ್ತು. ಒಂದು ಬೆಳಿಗ್ಗೆ ರೈಫಲ್ ಹಿಡಿದು ಓಡುತ್ತಿದ್ದಾಗ, ಕಲ್ಲಿಲ್ಲದ, ತಗ್ಗಿಲ್ಲದ ಸಮತಟ್ಟಾದ ರಸ್ತೆಯಲ್ಲಿ, ಅವನ ಕಾಲಿನ ಎಲುಬು ಮುರಿಯಿತು. ಆ ಸಪ್ಪಳ ಹಿಂದೆ ಓಡುತ್ತಿದ್ದ ನಮಗೂ ಕೇಳಿಸಿತು. ಅವನನ್ನು ಸೇವೆಗೆ ಅನರ್ಹನೆಂದು ಬೋರ್ಡ್ ಔಟ್ ಮಾಡಿ ಮನೆಗೆ ಕಳುಹಿಸಿದರು.

ಎಲುಬಿನ ಮೇಲೆ ಏಕಾಏಕಿ ಹೊರೆ ಹೆಚ್ಚಿದಾಗ ದೇಹವು ಮೊದಲು ಹಳೆಯದನ್ನು ಕರಗಿಸಿ ಆಮೇಲೆ ಹೊಸದನ್ನು ಕಟ್ಟುತ್ತದೆ. ಈ ನಡುವಿನ ಕೆಲವು ವಾರ ಎಲುಬು ಮೊದಲಿಗಿಂತ ದುರ್ಬಲವಾಗಿರುತ್ತದೆ, ಅಂಥ ಹೊತ್ತಿನಲ್ಲಿಯೂ ಓಡುತ್ತಲೇ ಇದ್ದರೆ ಕೂದಲೆಳೆಯಂತಹ ಬಿರುಕು ಬಿಡುತ್ತದೆ. ಸ್ನಾಯುವಿನ ನೋವು ಕಾಲಿನುದ್ದಕ್ಕೂ ಹರಡಿದ್ದು ಮೈ ಬಿಸಿಯಾದಂತೆ ಇಳಿಯುತ್ತದೆ. ಎಲುಬಿನ ನೋವನ್ನು ಒಂದೇ ಬೆರಳಿನಿಂದ ತೋರಿಸಬಹುದು, ಅದು ಓಡಿದಂತೆ ಏರುತ್ತದೆ. ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು, ಆದ್ದರಿಂದ ನೋವು ಉಳಿದರೆ ಮತ್ತೆ ಹೋಗು. ಮುಟ್ಟು ತಪ್ಪುತ್ತಿದ್ದರೆ ಅದನ್ನೂ ಹೇಳು, ಎಲುಬಿಗೂ ಅದಕ್ಕೂ ಸಂಬಂಧವಿದೆ. ಅಪ್ಪ ಇದನ್ನೆಲ್ಲ ಬರೆದನೆಂದು ಮುಜುಗರಪಡಬೇಡ, ಹುಡುಗಿಯರ ಖೋ-ಖೋ ತಂಡವನ್ನು ನೋಡಿಕೊಂಡವನು ಇದನ್ನು ಕಲಿಯಲೇಬೇಕಾಯಿತು.

ಸೈನಿಕರು ನೋವು ನುಂಗುತ್ತಾರೆಂದು ಮುರಳೀಕಾಂತ ಪೇಟ್ಕರರ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಬೇಡ. 1965ರ ಯುದ್ಧದಲ್ಲಿ ಗುಂಡು ತಿಂದು 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದವರು ಅದಕ್ಕೂ ಮೊದಲು ಬಹುಕಾಲ ಆಸ್ಪತ್ರೆಯಲ್ಲಿದ್ದು ಚಿಕಿತ್ಸೆ ಪಡೆದಿದ್ದರು.

ಮತ್ತೆ ಆ ಹುಡುಗನ ಮಾತು. ಆಮೇಲೆ ಪಲ್ಟನ್ನಿನೊಂದಿಗೆ ಗಡಿಯಲ್ಲಿ ಕಂಡದ್ದರಲ್ಲಿ ಎಷ್ಟೋ ಮರೆತಿದೆ, ಆದರೆ ಅವನು ಮೆಟ್ಟಿಲಿಳಿಯುತ್ತಿದ್ದ ರೀತಿ ಮರೆತಿಲ್ಲ. ಸೈನ್ಯದ ಭರ್ತಿಗೆ ತಯಾರಾಗುವ ಹುಡುಗರನ್ನು 1600 ಮೀಟರ್ ಐದೂವರೆ ನಿಮಿಷದಲ್ಲಿ ಮುಗಿಸಬೇಕೆಂದು ಓಡಿಸಿದ ಮೇಲೆ ನಾನು ಅವರನ್ನು ಶಾಲೆಯ ಮೆಟ್ಟಿಲು ಹತ್ತಿಸಿ ಇಳಿಸುತ್ತಿದ್ದುದನ್ನು ಕಂಡು ನೀವೆಲ್ಲ ನಗುತ್ತಿದ್ದಿರಲ್ಲ, ಅದು ಶಿಕ್ಷೆಯಾಗಿರಲಿಲ್ಲ, ವ್ಯಾಯಾಮವೂ ಆಗಿರಲಿಲ್ಲ. ಯಾರು ಅಡ್ಡಡ್ಡ ಇಳಿಯುತ್ತಾರೆಂದು ನೋಡುತ್ತಿದ್ದೆ. ಈಗ ನೀನು ಹೇಗೆ ಇಳಿಯುತ್ತಿದ್ದೀಯೆಂದು ನೋಡಲು ನನಗೆ ಅಲ್ಲಿ ಪ್ರವೇಶವಿಲ್ಲ.

ನಿನ್ನನ್ನು ಬಿಟ್ಟುಹೋಗಲು ಬಂದ ದಿನ ಗೇಟಿನಲ್ಲಿ ಒಂದು ಮಾತೂ ಆಡದೆ ತಿರುಗಿದ್ದಕ್ಕೆ ಕ್ಷಮೆಯಿರಲಿ. ಬಾಯಿ ತೆರೆದಿದ್ದರೆ ಇಂಥದೇ ಉಪದೇಶ ಹೊರಡುತ್ತಿತ್ತು. ಮರುದಿನ ಓಣಿಗೆಲ್ಲ ಪೇಢೆ ಹಂಚಿದೆ ಎಂಬುದನ್ನು ನಿಮ್ಮವ್ವ ಹೇಳಿರಬಹುದು.

ರೆಲಿಗೇಶನ್ ಆದರೆ ಆಗಲಿ. ಮೂರು ವರ್ಷದ ಬದಲು ಮೂರೂವರೆ ವರ್ಷವಾದರೂ ನನ್ನ ಪಿಂಚಣಿಯಲ್ಲಿ ಮನೆ ನಡೆಯುತ್ತದೆ, ಇಲ್ಲಿ ಯಾರಿಗೂ ಅವಸರವಿಲ್ಲ. ಡಾಕ್ಟರರು ಯಾವ ದಿನಾಂಕದವರೆಗೆ ವಿಶ್ರಾಂತಿ ಬರೆದರೆಂಬುದನ್ನು ಎರಡು ಸಾಲಿನಲ್ಲಿ ನನಗೆ ತಿಳಿಸು.

ಇಂತಿ,
ನಿನ್ನ ಅಪ್ಪ