ಐವತ್ತು ಎಲೆಯ ಜಗಳ

ಪುಟ್ಟಿ,

ನಿನ್ನನ್ನು ಬೆಂಗಳೂರು ಬಸ್ಸು ಹತ್ತಿಸಿ ಬಂದ ಮೇಲೆ ಯಾವ ಕೆಲಸಕ್ಕೂ ಕೈ ಹೋಗಲಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನ್ ಹಿಡಿದರೆ ಬ್ಲೌಸ್ ಅಳತೆ, ನಿನ್ನ ಮದುವೆ ಪತ್ರಿಕೆ ಯಾರಿಗೆ ಕೊಟ್ಟಾಯ್ತು ಯಾರಿಗೆ ಬಾಕಿ, ಇಷ್ಟರಲ್ಲೇ ಮಾತು ಮುಗಿದುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಭಾನುವಾರ ಅಡುಗೆಯವರ ಮುಂದೆ ನಾನು ಹಾಗೆ ಕೂಗಾಡಬಾರದಿತ್ತು. ನಾವು 550 ಊಟ ಅಂದಿದ್ದೆವು. ಅವರು 600 ಎಲೆಗೆ ದುಡ್ಡು ಹಿಡಿಯಬೇಕು, ಕಡೇ ಪಂಕ್ತಿಗೆ ಕಮ್ಮಿಯಾದರೆ ಮರ್ಯಾದೆ ಹೋಗೋದು ನಮ್ಮದು ಅಂದರು. ಅಷ್ಟಕ್ಕೇ ನಾನು ಚೀಟಿ ಕಿತ್ತುಕೊಂಡು, 600ನ್ನು ಹೊಡೆದು ಹಾಕಿ, ಪೆನ್ನಿನಲ್ಲಿ ಒತ್ತಿ ಒತ್ತಿ 550 ಅಂತ ಬರೆದೆ. ಕಾಗದ ಹರಿದೇ ಹೋಯಿತು. ನಿನ್ನಪ್ಪ ಸುಮ್ನೆ ಕಾಫಿ ಕುಡಿಯುತ್ತಾ ಕೂತಿದ್ದರು. ನೀನು ಎದ್ದು ಒಳಗೆ ಹೋದೆ.

ಆ ರಾತ್ರಿ ನೀನು ಲ್ಯಾಪ್‌ಟಾಪಿನಲ್ಲಿ ಹಾಕಿದ್ದು ‘ಫಾದರ್ ಆಫ್ ದ ಬ್ರೈಡ್’, ಮದುವೆ ಹೆಣ್ಣಿನ ಅಪ್ಪನ ಸಿನಿಮಾ. ಬೇಕಂತಲೇ ಹಾಕಿದೆ ಅಲ್ವಾ? 1950ರಲ್ಲಿ ಎಲಿಜಬೆತ್ ಟೇಲರ್ ಮಗಳಾಗಿ ಮಾಡಿದ್ದನ್ನೇ 1991ರಲ್ಲಿ ಮತ್ತೆ ತೆಗೆದರು ಅಂದೆ. ಇಂಗ್ಲಿಷ್ ಮಾತು ಎಷ್ಟೋ ಹಿಡಿಯಲಿಲ್ಲ ನನಗೆ. ಆದರೆ ಆ ಅಂಗಡಿಯ ಸೀನಿಗೆ ಮಾತೇ ಬೇಕಾಗಿರಲಿಲ್ಲ. ಸಾಸೇಜು ಒಂದು ಪ್ಯಾಕಿಗೆ ಎಂಟು, ಬನ್ನು ಹನ್ನೆರಡು. ಬೇಡದ ನಾಲ್ಕು ಬನ್ನಿಗೆ ನಾನ್ಯಾಕೆ ದುಡ್ಡು ಕೊಡಲಿ ಅಂತ ಅಪ್ಪನ ಪಾತ್ರದ ಆ ಸ್ಟೀವ್ ಮಾರ್ಟಿನ್ ಪ್ಯಾಕು ಹರಿದು ಹರಿದು ಬನ್ನು ತೆಗೆದಿಡುತ್ತಾನೆ, ಕೊನೆಗೆ ಪೊಲೀಸರು ಎಳೆದುಕೊಂಡು ಹೋಗುತ್ತಾರೆ. ನೀನೂ ನಿನ್ನಪ್ಪನೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿರಿ. ನನಗೆ ಗಂಟಲು ಕಟ್ಟಿತ್ತು. ಮಗಳು ಹೊರಟಳು ಅಂತ ಯಾರ ಹತ್ತಿರ ಜಗಳ ಆಡೋದು? ಅವಳ ಹತ್ತಿರ ಆಡೋಕಾಗಲ್ಲ, ಹುಡುಗ ಒಳ್ಳೆಯವನು. ಹಾಗಾಗಿ ಎದುರಿಗೆ ಬನ್ನು ಸಿಕ್ಕರೆ ಬನ್ನು, ಎಲೆ ಸಿಕ್ಕರೆ ಎಲೆ.

ಸಿನಿಮಾದಲ್ಲಿ ಅಮ್ಮ ಎಷ್ಟು ಸಮಾಧಾನಿ ನೋಡು. ನಮ್ಮನೆಯಲ್ಲಿ ಆ ಸಮಾಧಾನ ನಿನ್ನಪ್ಪನ ಪಾಲಿಗೆ ಬಂದಿದೆ, ಆ ಸಂಕಟ ನನ್ನ ಪಾಲಿಗೆ.

ರೋಮ್‌ನಿಂದ ಬಂದ ಮಗಳು ಊಟಕ್ಕೆ ಕೂತು ಮದುವೆ ಸುದ್ದಿ ಹೇಳುವಾಗ ಅಪ್ಪನ ಕಣ್ಣಿಗೆ ಅವಳು ಪುಟ್ಟ ಹುಡುಗಿಯ ಹಾಗೆ ಕಾಣುತ್ತಾಳಲ್ಲ, ಅದು ನನಗೂ ಆಯಿತು. ಕೊಯ್ಲಿನ ದಿನ. ಕಣದಲ್ಲಿ ಕಾಫಿ ಹರಡಿತ್ತು. ನೀನು ಕಟ್ಟೆ ಮೇಲೆ ಕೂತು “ಅಮ್ಮಾ, ಒಬ್ಬನ ವಿಷಯ ಹೇಳಬೇಕು” ಅಂದೆ. ನಾನು ನೋಡಿದ್ದು ಯೂನಿಫಾರಂ ತುಂಬಾ ಕಾಫಿ ಹಣ್ಣಿನ ಅಂಟು ಮಾಡಿಕೊಂಡು, ಎರಡನೇ ಕ್ಲಾಸಿನ ಮಗ್ಗಿ ಒಪ್ಪಿಸುತ್ತಿದ್ದ ಹುಡುಗಿಯನ್ನು. ನೀನು ಹೇಳಿದ ಅರ್ಧ ಮಾತು ನನಗೆ ಕೇಳಿಸಲೇ ಇಲ್ಲ.

ಈಗ ಮುಖ್ಯವಾದದ್ದು. ಆ ಅಪ್ಪ ಅಷ್ಟೆಲ್ಲಾ ಮಾಡಿಯೂ ಮಗಳು ಹೊರಡುವಾಗ ಅವಳ ಹತ್ತಿರ ಹೋಗಲಾಗದೆ ಜನರ ಮಧ್ಯೆ ಸಿಕ್ಕಿಕೊಳ್ಳುತ್ತಾನೆ. ಆಮೇಲೆ ಅವಳು ವಿಮಾನ ನಿಲ್ದಾಣದಿಂದ ಫೋನ್ ಮಾಡುತ್ತಾಳೆ, ಅವನಿಗೆ ಅಷ್ಟಾದರೂ ಸಿಕ್ಕಿತು. ನನಗೆ ಸಿಗಲಿಲ್ಲ ಪುಟ್ಟಿ. ನನ್ನ ಮದುವೆ ಸಕಲೇಶಪುರದಲ್ಲಿ. ಹೆಣ್ಣೊಪ್ಪಿಸುವ ಶಾಸ್ತ್ರವೆಲ್ಲ ಮುಗಿದಿತ್ತು, ವ್ಯಾನು ಹೊರಡುವ ಹೊತ್ತಿಗೆ ನಿನ್ನ ಅಜ್ಜಿ ಉಗ್ರಾಣದಲ್ಲಿ ಯಾರಿಗೋ ತಾಂಬೂಲದ ತೆಂಗಿನಕಾಯಿ ಎಣಿಸಿ ಕೊಡುತ್ತಿದ್ದಳಂತೆ. ಬೀಗರಿಗೆ ತಡವಾಗುತ್ತದೆ ಅಂತ ಗಡಿಬಿಡಿ. ಕಿಟಕಿಯಲ್ಲಿ ಕತ್ತು ಹಾಕಿ ಹುಡುಕಿದೆ, ಅಮ್ಮ ಕಾಣಲಿಲ್ಲ. ಬೇಲೂರಿನಲ್ಲಿ ಯಗಚಿ ಹೊಳೆ ದಾಟುವವರೆಗೂ ಅತ್ತೆ. ತವರಿನಲ್ಲಿ ಫೋನೂ ಇರಲಿಲ್ಲ. ಅಜ್ಜಿಯೂ ಆ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಸಾಯುವ ವರ್ಷ ಮಾತ್ರ, ಹೀಗೇ ಕಾಲು ಒತ್ತುತ್ತಿದ್ದಾಗ, “ಆ ಕಾಯಿ ಆಮೇಲೆ ಕೊಟ್ಟಿದ್ದರೂ ಆಗ್ತಿತ್ತು” ಅಂದಳು. ಯಾವ ಕಾಯಿ ಅಂತ ನಾನು ಕೇಳಲಿಲ್ಲ.

ಉಗ್ರಾಣದ ಕೀಲಿಕೈ ನಿನ್ನ ಚಿಕ್ಕಮ್ಮನಿಗೆ ಕೊಡುತ್ತಿದ್ದೇನೆ, ನಿನ್ನೆಯೇ ಹೇಳಿಯಾಯ್ತು. ಅಕ್ಕಿ ಬೆಲ್ಲ ಅವಳು ನೋಡಿಕೊಳ್ಳಲಿ. ನಾನು ಧಾರೆಗೆ ಹಾಲು ಎರೆದ ಮೇಲೆ ನಿನ್ನ ಪಕ್ಕ ಬಿಟ್ಟು ಹೋಗುವುದಿಲ್ಲ. ಆದರೂ ಮದುವೆ ಮನೆ, ಯಾರಾದರೂ ಕರೆದರೆ ನನ್ನ ಕಾಲು ನಿಲ್ಲುವುದಿಲ್ಲ, ನಿನಗೇ ಗೊತ್ತು. ಕಾರಿನ ಹತ್ತಿರ ನಾನು ಕಾಣದಿದ್ದರೆ ಹತ್ತಬೇಡ. ಹುಡುಕಿಸು. ಬೀಗರು ಎಷ್ಟೇ ಅವಸರ ಮಾಡಲಿ, ನಿಂತಿರು.

ಅಡುಗೆಯವರಿಗೆ ಬೆಳಗ್ಗೆ ಫೋನ್ ಮಾಡಿದೆ. 600 ಎಲೆಗೇ ಒಪ್ಪಿದೆ. ಶನಿವಾರ ಬರುವಾಗ ನಿನ್ನ ಹಳೇ ಬ್ಲೌಸ್ ಒಂದು ತಾ, ಟೈಲರ್ ಎರಡು ಸಲ ಕೇಳಿದ.

ಅಮ್ಮ
ಚಿಕ್ಕಮಗಳೂರು