34 ಪೌಂಡ್ ಮಗುವಿನ ರೇಷನ್ ಪುಸ್ತಕ

ಅರಸೀಕೆರೆ

ಚಿ|| ಸೌ|| ಶಾಲಿನಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು. ನಾವಿಬ್ಬರೂ ಇಲ್ಲಿ ಕ್ಷೇಮ. ನೀನು, ಅಳಿಯಂದಿರು, ಪುಟ್ಟಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ದಿನಾ ಫೋನಿನಲ್ಲಿ ಮಾತಾಡುತ್ತೇವೆ, ಮತ್ತೆ ಪತ್ರ ಯಾಕೆ ಅನ್ನಬೇಡ. ಮೊನ್ನೆ ರಾತ್ರಿ ನೀನು "ಕೆಲಸಕ್ಕೆ ವಾಪಸ್ ಹೋಗೋಕೆ ಇನ್ನು ಎರಡೇ ವಾರ ಅಮ್ಮಾ, ಪುಟ್ಟಿನ ಡೇಕೇರ್‌ನಲ್ಲಿ ಬಿಟ್ಟು ಹೇಗೆ ಹೋಗಲಿ" ಎಂದು ಅತ್ತುಬಿಟ್ಟೆಯಲ್ಲ, ಆಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ಫೋನ್ ಇಟ್ಟ ಮೇಲೆ ನಿದ್ದೆಯೂ ಹತ್ತಲಿಲ್ಲ. ಎದ್ದು ಬೀರು ತೆಗೆದೆ. ನೀನು ಕೊಡಿಸಿದ ಹಳೇ ರೇಷನ್ ಪುಸ್ತಕ ಕೈಗೆ ಸಿಕ್ಕಿತು. ಅದನ್ನು ಹಿಡಿದುಕೊಂಡು ಅಡುಗೆಮನೆಯಲ್ಲಿ ಕೂತೆ.

ನೆನಪಿದೆಯಾ? ನಿಮ್ಮೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇತ್ತು. "ಅಮ್ಮಾ, ನೋಡಿಲ್ಲಿ, ಅಮೆರಿಕದವರ ರೇಷನ್ ಕಾರ್ಡು!" ಅಂತ ಕೂಗಿದ್ದೆ. 24 ವರ್ಷ ರೇಷನ್ ಅಂಗಡಿಯಲ್ಲಿ ಅಕ್ಕಿ ತೂಗಿದವಳಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇಕಿರಲಿಲ್ಲ. ಅಂಗೈಯಷ್ಟೇ ಪುಸ್ತಕ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ಕೊಟ್ಟಿದ್ದು, 1943ರ ಮೂರನೇ ಪುಸ್ತಕ ಅದು. ಒಳಗೆ ಸಣ್ಣ ಸಣ್ಣ ಚೀಟಿಗಳ ಹಾಳೆ. ಒಂದೊಂದರ ಮೇಲೂ ಟ್ಯಾಂಕು, ವಿಮಾನ, ಫಿರಂಗಿ, ಹಡಗಿನ ಚಿತ್ರ. ಹಿಂದೆ ಒಂದು ಮಾತು ಅಚ್ಚಾಗಿದೆ: ನಿಮಗೆ ಬೇಕಿಲ್ಲದಿದ್ದರೆ ಕೊಳ್ಳಬೇಡಿ. ಮುಂದೆ ಹೆಸರು, ವಿಳಾಸ, ವಯಸ್ಸು, ಎತ್ತರ, ತೂಕ, ಉದ್ಯೋಗ. ವಯಸ್ಸು 4. ತೂಕ 34 ಪೌಂಡ್. ಉದ್ಯೋಗದ ಜಾಗ ಖಾಲಿ. ರುಜು ಮಗುವಿನ ಅಮ್ಮನದು, ಬಾಗಿದ ಅಕ್ಷರದಲ್ಲಿ.

ನಾಲ್ಕು ವರ್ಷದ ಮಗುವಿಗೆ ಅದರದೇ ಪುಸ್ತಕ! ನಮ್ಮ ಅಂಗಡಿಗೆ ಬರುತ್ತಿದ್ದ ಹೆಂಗಸರು ಮಗುವಿನ ಹೆಸರನ್ನು ಕಾರ್ಡಿಗೆ ಸೇರಿಸಲು ತಿಂಗಳುಗಟ್ಟಲೆ ಅಲೆದಿದ್ದನ್ನು ಕಣ್ಣಾರೆ ಕಂಡವಳು ನಾನು. ಅಲ್ಲಿ ಹುಟ್ಟಿದ ಕೂಸಿಗೂ ಬೇರೆ ಪುಸ್ತಕ, ದೊಡ್ಡವರಷ್ಟೇ ಪಾಲು. ಕಾಫಿ ಮಾತ್ರ 15 ವರ್ಷ ದಾಟಿದವರಿಗೆ.

ನಿನ್ನ ಮನೆಯಲ್ಲಿದ್ದ ಆರು ತಿಂಗಳು ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ ಯುದ್ಧಕಾಲದಲ್ಲಿ ದುಡಿದ ಹೆಂಗಸರ ನೆನಪಿಗಿರುವ ಆ ರೋಸಿ ಮ್ಯೂಸಿಯಂಗೆ ನಾಲ್ಕು ಸಲ ಕರೆದುಕೊಂಡು ಹೋದೆ, ಬೇಸರ ಮಾಡಿಕೊಳ್ಳಲಿಲ್ಲ. ಅಲ್ಲಿ ನೋಡಿ ಬರೆದುಕೊಂಡಿದ್ದೆಲ್ಲ ನೋಟ್‌ಬುಕ್‌ನಲ್ಲಿದೆ. ಇಲ್ಲಿಗೆ ಬಂದ ಮೇಲೂ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಅದನ್ನು ನಿನಗೆ ಹೇಳಬೇಕು.

1941ರ ಡಿಸೆಂಬರ್ 7ರಂದು ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬು ಬಿತ್ತು. ಮುಂದಿನ ತಿಂಗಳೇ ಟೈರಿಗೆ ರೇಷನ್ ಬಂತು. ಮಲಯ, ಇಂಡೋನೇಷ್ಯಾ ಕಡೆಯ ರಬ್ಬರ್ ತೋಟಗಳೆಲ್ಲ ಜಪಾನಿನ ಕೈಗೆ ಹೋಗುತ್ತಿದ್ದವು. ಆಮೇಲೆ ಪೆಟ್ರೋಲಿಗೂ ರೇಷನ್ ಬಂತಲ್ಲ, ಅದರ ಮುಖ್ಯ ಕಾರಣ ಪೆಟ್ರೋಲ್ ಅಲ್ಲ, ಟೈರ್ ಸವೆಯಬಾರದು ಅಂತ! ಕಾರಿನ ಗಾಜಿಗೆ ಎ ಅಂತ ಚೀಟಿ ಅಂಟಿಸಿದವರಿಗೆ ವಾರಕ್ಕೆ 4 ಗ್ಯಾಲನ್, ಆಮೇಲೆ 3. ಗಂಟೆಗೆ 35 ಮೈಲಿಗಿಂತ ಜಾಸ್ತಿ ಓಡಿಸುವಂತಿಲ್ಲ. ಹೊಸ ಕಾರು ಮಾಡುವುದನ್ನೇ 1942ರ ಫೆಬ್ರವರಿಯಲ್ಲಿ ನಿಲ್ಲಿಸಿಬಿಟ್ಟರು.

ಮೇ ತಿಂಗಳಲ್ಲಿ ಸಕ್ಕರೆಗೂ ರೇಷನ್ ಬಂತು. ತಲೆಗೆ ವಾರಕ್ಕೆ ಅರ್ಧ ಪೌಂಡ್. ಪುಸ್ತಕ ಕೊಟ್ಟಿದ್ದು ಶಾಲೆಗಳಲ್ಲಿ, ಬರೆದುಕೊಟ್ಟವರು ಮೇಷ್ಟ್ರುಗಳು. ಮನೆಯಲ್ಲಿ ಸಕ್ಕರೆ ಎಷ್ಟಿದೆ ಅಂತ ಮೊದಲು ಹೇಳಬೇಕು. ಜಾಸ್ತಿ ಇದ್ದರೆ ಅಷ್ಟು ಚೀಟಿ ಅಲ್ಲೇ ಹರಿದುಕೊಳ್ಳುತ್ತಿದ್ದರು. ಇದನ್ನು ಓದಿ ನಿಮ್ಮಪ್ಪ "ಎಲ್ಲರೂ ನಿಜ ಹೇಳಿರ್ತಾರಾ?" ಅಂದರು. ಎಲ್ಲರೂ ಹೇಳಿರಲಾರರು. ಕಾಳಸಂತೆ ಅಲ್ಲೂ ಇತ್ತು, ಕಳ್ಳ ಚೀಟಿ ಅಚ್ಚು ಹಾಕುವವರೂ ಇದ್ದರು. ಆದರೆ ಹೆಚ್ಚಿನ ಜನ ಸಾಲಿನಲ್ಲಿ ನಿಂತರು. ಸಾಲು ಎಲ್ಲರಿಗೂ ಒಂದೇ ಅಂತ ಗೊತ್ತಾದರೆ ಜನ ನಿಲ್ಲುತ್ತಾರೆ, ಶಾಲೂ. ಅಂಗಡಿಯ ಗಲ್ಲಾಪೆಟ್ಟಿಗೆ ಹಿಂದೆ ಕೂತು ನಾನು ಕಂಡಿದ್ದೂ ಅದನ್ನೇ. ಸಕ್ಕರೆ ಕಡಿಮೆ ಬಂದಿದೆ ಅಂದರೆ ಯಾರೂ ಜಗಳಕ್ಕೆ ಬರುತ್ತಿರಲಿಲ್ಲ. ಒಬ್ಬರಿಗೆ ಹಿಂದಿನ ಬಾಗಿಲಿನಿಂದ ಹೋಯಿತು ಅಂದರೆ ಬೀದಿಯೇ ಎದ್ದು ಬರುತ್ತಿತ್ತು.

1943ರ ಮಾರ್ಚಿನಲ್ಲಿ ಪಾಯಿಂಟ್ ಲೆಕ್ಕ ಶುರುವಾಯಿತು. ಡಬ್ಬದ ಹಣ್ಣು, ತರಕಾರಿಗೆ ತಲೆಗೆ ತಿಂಗಳಿಗೆ 48 ನೀಲಿ ಪಾಯಿಂಟ್. ಮಾಂಸ, ಬೆಣ್ಣೆ, ಚೀಸ್, ಎಣ್ಣೆಗೆ ವಾರಕ್ಕೆ 16 ಕೆಂಪು ಪಾಯಿಂಟ್. ಒಂದು ಡಬ್ಬಕ್ಕೆ ದುಡ್ಡೂ ಕೊಡಬೇಕು, ಪಾಯಿಂಟೂ ಕೊಡಬೇಕು. ಪಾಯಿಂಟ್ ಆಗಾಗ ಬದಲಾಗುತ್ತಿತ್ತು. ಅಂದರೆ ಆ ಹೆಂಗಸರು ಅಂಗಡಿಗೆ ಹೋಗುವಾಗ ತಲೆಯಲ್ಲಿ ಎರಡು ಲೆಕ್ಕ ಇಟ್ಟುಕೊಂಡು ಹೋಗಬೇಕು. ಚಿಲ್ಲರೆ ಕೊಡಲು 1944ರಿಂದ ಕೆಂಪು, ನೀಲಿ ಬಿಲ್ಲೆ ಬಂದವು. ಲೋಹ ಯುದ್ಧಕ್ಕೆ ಬೇಕಲ್ಲ, ಹಾಗಾಗಿ ಒತ್ತಿ ಗಟ್ಟಿ ಮಾಡಿದ ನಾರಿನ ಬಿಲ್ಲೆ. ಪುಸ್ತಕದ ಜೊತೆ ಒಂದು ಕೆಂಪು ಬಿಲ್ಲೆ ಕೊಟ್ಟಿದ್ದರಲ್ಲ, ಈಗ ಅಂಗೈ ಮೇಲಿದೆ. ನಮ್ಮ ಹಳೇ 10 ಪೈಸೆಗಿಂತಲೂ ಚಿಕ್ಕದು. ಭಾರವೇ ಇಲ್ಲ, ಅಂಗಿಯ ಗುಂಡಿಯಂತಿದೆ.

ಹಾಲು, ಮೊಟ್ಟೆ, ತಾಜಾ ತರಕಾರಿಗೆ ರೇಷನ್ ಇರಲಿಲ್ಲ. ಹಾಗಾಗಿ ಜನ ಹಿತ್ತಲಿನಲ್ಲೇ ಬೆಳೆದರು. 1943ರ ಹೊತ್ತಿಗೆ ಅಂಥ ಕೈತೋಟ 2 ಕೋಟಿ ಇದ್ದವಂತೆ. ನೀನು ತೋರಿಸಿದ ಗೋಲ್ಡನ್ ಗೇಟ್ ಪಾರ್ಕಿನಲ್ಲೂ ತರಕಾರಿ ಪಾತಿ ಇದ್ದವು! ಹುರಿದು ಉಳಿದ ಕೊಬ್ಬನ್ನು ಸೋಸಿ ಡಬ್ಬದಲ್ಲಿಟ್ಟು ಮಾಂಸದಂಗಡಿಗೆ ಕೊಡುತ್ತಿದ್ದರು. ಅದರಿಂದ ಗ್ಲಿಸರಿನ್ ತೆಗೆದು ಮದ್ದುಗುಂಡಿಗೆ ಬಳಸುತ್ತಿದ್ದರಂತೆ.

ಕಾಫಿಯದು ಕೇಳು. 1942ರ ನವೆಂಬರ್ ಕೊನೆಯಿಂದ ಒಬ್ಬರಿಗೆ ಐದು ವಾರಕ್ಕೆ ಒಂದು ಪೌಂಡ್ ಪುಡಿ. ಬ್ರೆಜಿಲ್‌ನಲ್ಲಿ ಬೆಳೆಯಿತ್ತು. ತರಲು ಹಡಗಿರಲಿಲ್ಲ, ಸಮುದ್ರದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಕಾದು ಕೂತಿದ್ದವು. ದಿನಕ್ಕೆ ಒಂದು ಲೋಟ ಅಷ್ಟೇ. ಒಮ್ಮೆ ಇಳಿಸಿದ ಪುಡಿಗೇ ಮತ್ತೆ ನೀರು ಹಾಕುತ್ತಿದ್ದರು. ಎರಡನೇ ಡಿಕಾಕ್ಷನ್ ರುಚಿ ಗೊತ್ತಿರುವ ನಮಗೆ ಅವರ ಸಂಕಟ ಅರ್ಥವಾಗುತ್ತೆ, ಅಲ್ವಾ? ಎಂಟು ತಿಂಗಳಲ್ಲಿ ಕಾಫಿ ಬಿಡುಗಡೆಯಾಯಿತು. ಸಕ್ಕರೆ ಮಾತ್ರ 1947ರ ತನಕ ಪುಸ್ತಕ ಬಿಟ್ಟು ಹೊರಗೆ ಬರಲಿಲ್ಲ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದ್ದು ಬೆಲೆಯ ವಿಷಯ. 1942ರ ಏಪ್ರಿಲ್‌ನಲ್ಲಿ ಸರ್ಕಾರ ಒಂದು ಆಜ್ಞೆ ಹೊರಡಿಸಿತು. ಮಾರ್ಚಿನಲ್ಲಿ ಯಾವ ಅಂಗಡಿಯವನು ಒಂದು ಸಾಮಾನಿಗೆ ಹೆಚ್ಚೆಂದರೆ ಎಷ್ಟು ತೆಗೆದುಕೊಂಡಿದ್ದನೋ ಅಷ್ಟೇ, ಅದರ ಮೇಲೆ ಒಂದು ಸೆಂಟೂ ಏರಿಸುವಂತಿಲ್ಲ. ಒಂದು ಬ್ರೆಡ್ಡಿಗೆ ಸುಮಾರು 9 ಸೆಂಟ್, ಕಾಗದ ಹಾಕಲು 3 ಸೆಂಟ್ ಇದ್ದ ಕಾಲ. ಕೆಲಸ ಎಲ್ಲರಿಗೂ ಸಿಕ್ಕಿತ್ತು, ಕೈಯಲ್ಲಿ ದುಡ್ಡಿತ್ತು, ಕೊಳ್ಳಲು ಸಾಮಾನಿರಲಿಲ್ಲ. ಕಡಿವಾಣ ಇಲ್ಲದಿದ್ದರೆ ಬೆಲೆ ಎಲ್ಲಿಗೆ ಹೋಗುತ್ತಿತ್ತು? 1946ರಲ್ಲಿ ಕಡಿವಾಣ ಬಿಟ್ಟ ಕೂಡಲೇ ಬೆಲೆ ಹಾರಿಯೇ ಹೋಯಿತು.

ಇದನ್ನು ಓದುವಾಗ ಬಂಗಾಳ ನೆನಪಾಗದೆ ಇರಲಿಲ್ಲ. ಅದೇ 1943. ಅಲ್ಲಿ ಅಕ್ಕಿಯ ಬೆಲೆ ಹಲವು ಪಟ್ಟು ಏರಿತು, ಬಡವರ ಕೈಗೆ ಸಿಗದೆ ಹೋಯಿತು. 20 ಲಕ್ಷಕ್ಕೂ ಹೆಚ್ಚು ಜನ ಹಸಿವಿನಿಂದ, ಅದರ ಬೆನ್ನಿಗೆ ಬಂದ ರೋಗದಿಂದ ಸತ್ತರು. ರೇಷನ್ ಅಂದರೆ ಕೊರತೆ, ಅವಮಾನ ಅನ್ನುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅಳೆದು ಕೊಟ್ಟ ಅಕ್ಕಿ ಎಷ್ಟು ಜೀವ ಉಳಿಸಿದೆ ಅನ್ನುವುದು ತಕ್ಕಡಿ ಹಿಡಿದವರಿಗೆ ಗೊತ್ತು.

ನಿನ್ನ ತಾತ ಆಗ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿದ್ದರು. ಈಗಿನ ಎಚ್‌ಎಎಲ್. 1943ರಿಂದ ಅದನ್ನು ಅಮೆರಿಕದ ಸೇನೆಯವರು ನಡೆಸುತ್ತಿದ್ದರು, ಅವರ ವಿಮಾನಗಳು ರಿಪೇರಿಗೆ ಅಲ್ಲಿಗೆ ಬರುತ್ತಿದ್ದವು. ಒಬ್ಬ ಸಿಪಾಯಿ ತನ್ನ ತಾಯಿಯ ಕಾಗದ ಓದುತ್ತಾ ಕೂತಿದ್ದನ್ನು ತಾತ ಹೇಳುತ್ತಿದ್ದರು. ಆ ತಾಯಿಯೂ ಮನೆಯಲ್ಲಿ ಇಂಥದೇ ಪುಸ್ತಕ ಇಟ್ಟುಕೊಂಡು ಚೀಟಿ ಎಣಿಸುತ್ತಿದ್ದಳು ಅಂತ ಈಗ ಅನ್ನಿಸುತ್ತದೆ.

ಮನರಂಜನೆಯೂ ಇತ್ತು, ಬರೀ ಕಷ್ಟ ಅಂದುಕೊಳ್ಳಬೇಡ. ಸಂಜೆ ರೇಡಿಯೋ ಮುಂದೆ ಮನೆಯವರೆಲ್ಲ ಕೂರುತ್ತಿದ್ದರು. 1942ರ ಫೆಬ್ರವರಿ 23ಕ್ಕೆ ಅಧ್ಯಕ್ಷ ರೂಸ್‌ವೆಲ್ಟ್ ಭಾಷಣ. ಎಲ್ಲರೂ ಎದುರಿಗೆ ಭೂಪಟ ಇಟ್ಟುಕೊಂಡು ಕೇಳಿ ಅಂತ ಮೊದಲೇ ಹೇಳಿದ್ದರಂತೆ, ಜನ ಭೂಪಟಕ್ಕೆ ಮುಗಿಬಿದ್ದರು. ಅಡುಗೆಮನೆಯ ಮೇಜಿನ ಮೇಲೆ ಭೂಪಟ ಹರಡಿ ಮಗ ಎಲ್ಲಿದ್ದಾನೋ ಅಂತ ಬೆರಳಿಟ್ಟು ಹುಡುಕುವ ಅಮ್ಮಂದಿರನ್ನು ಯೋಚಿಸು. ಸಿನಿಮಾ ಮಂದಿರಗಳು ತುಂಬಿರುತ್ತಿದ್ದವು. ಕಾರ್ಖಾನೆಯ ಊರುಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಅಂತಲೇ ಸರಿರಾತ್ರಿಯಲ್ಲೂ ಆಟ ಇರುತ್ತಿತ್ತು. ಬೇಸ್‌ಬಾಲ್ ಆಟಗಾರರು ಸೈನ್ಯಕ್ಕೆ ಹೋದಾಗ 1943ರಲ್ಲಿ ಹೆಣ್ಣುಮಕ್ಕಳದೇ ಲೀಗ್ ಶುರುವಾಯಿತು. ಪಾಪ, ಸ್ಕರ್ಟ್ ಹಾಕಿಯೇ ಆಡಬೇಕಿತ್ತು. ಜಾರಿ ಬಿದ್ದಾಗ ತೊಡೆ ತರಚಿಕೊಂಡು ಹೋಗುತ್ತಿತ್ತು. ನೈಲಾನ್ ಎಲ್ಲಾ ಪ್ಯಾರಾಚೂಟಿಗೆ ಹೋಗಿ ಕಾಲುಚೀಲ ಸಿಗದಿದ್ದಾಗ ಹುಡುಗಿಯರು ಹುಬ್ಬಿನ ಪೆನ್ಸಿಲಿನಿಂದ ಕಾಲಿನ ಹಿಂದೆ ಹೊಲಿಗೆಯ ಗೆರೆ ಬರೆದುಕೊಳ್ಳುತ್ತಿದ್ದರಂತೆ. ಮಕ್ಕಳು 25 ಸೆಂಟಿನ ಯುದ್ಧದ ಸ್ಟಾಂಪ್ ಕೊಂಡು ಪುಸ್ತಕಕ್ಕೆ ಅಂಟಿಸುವುದು, 75 ಆದರೆ 18 ಡಾಲರ್ 75 ಸೆಂಟ್, ಅದಕ್ಕೆ ಸರ್ಕಾರದ ಒಂದು ಬಾಂಡ್, ಅಂದರೆ ಸಾಲಪತ್ರ. ಹತ್ತು ವರ್ಷಕ್ಕೆ 25 ಡಾಲರ್.

ಈಗ ನಿನ್ನ ಮಾತಿಗೆ ಬರುತ್ತೇನೆ. ರಿಚ್ಮಂಡ್‌ನಲ್ಲಿ 1940ರಲ್ಲಿ 23,000 ಜನ ಇದ್ದರು. ಹಡಗು ಕಟ್ಟುವ ಕೆಲಸಕ್ಕೆ ಊರು ನಾಲ್ಕು ಪಟ್ಟು ಬೆಳೆಯಿತು. ಕೈಸರ್ ಅನ್ನುವ ಉದ್ಯಮಿಯ ನಾಲ್ಕು ಹಡಗು ಕಟ್ಟುವ ಯಾರ್ಡ್‌ಗಳಿಂದ 747 ಹಡಗು ಹೊರಟವು. ಒಂದನ್ನಂತೂ ಐದು ದಿನದೊಳಗೆ ಜೋಡಿಸಿಬಿಟ್ಟರು! ವೆಲ್ಡಿಂಗ್ ಮಾಡಿದವರಲ್ಲಿ ಸಾವಿರಾರು ಹೆಂಗಸರು. ಅವರ ಮಕ್ಕಳು ಎಲ್ಲಿದ್ದರು? ಮ್ಯೂಸಿಯಂನಲ್ಲಿ ನಾನು ನಿನ್ನನ್ನು ಕೇಳಿದ ಮೊದಲ ಪ್ರಶ್ನೆಯೇ ಅದು. ರಿಚ್ಮಂಡ್‌ನಲ್ಲಿ 1943ರಲ್ಲಿ ಶಿಶುಕೇಂದ್ರ ತೆರೆದರು. ಪೋರ್ಟ್‌ಲ್ಯಾಂಡ್‌ನ ಕೈಸರ್ ಯಾರ್ಡ್‌ಗಳಲ್ಲಿ ಬಾಗಿಲಿನ ಪಕ್ಕದಲ್ಲೇ ಕೇಂದ್ರ. ಮೂರೂ ಪಾಳಿಗೆ ತೆರೆದಿರುತ್ತಿತ್ತು. ನೋಡಿಕೊಳ್ಳಲು ಕಲಿತ ಟೀಚರ್‌ಗಳು, ನರ್ಸ್‌ಗಳು. ಸಂಜೆ ಅಮ್ಮ ಮಗುವನ್ನು ಕರೆದುಕೊಂಡು ಹೋಗುವಾಗ ರಾತ್ರಿಯ ಅಡುಗೆಯನ್ನೂ ಕಟ್ಟಿಕೊಡುತ್ತಿದ್ದರು, ದುಡ್ಡು ಕೊಟ್ಟು ಒಯ್ಯಬಹುದಿತ್ತು. ಸರ್ಕಾರದ ಹಣದಿಂದ ನಡೆದ ಕೇಂದ್ರಗಳಲ್ಲಿ ದಿನಕ್ಕೆ ಸುಮಾರು 50 ಸೆಂಟ್. ನೀನು ಕೊಡಲಿರುವ ಫೀಸು ಕೇಳಿ ನನಗೆ ಎದೆ ಹಾರಿತ್ತು!

ಯುದ್ಧ ಮುಗಿಯಿತು, ಹೆಂಗಸರನ್ನು ಮನೆಗೆ ಕಳಿಸಿದರು, ಕೇಂದ್ರಗಳನ್ನೂ ಮುಚ್ಚಿದರು. ನಿನ್ನ ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಅಮ್ಮಂದಿರು ಬಿಡಲಿಲ್ಲ, ಕೂಗಾಡಿ ಉಳಿಸಿಕೊಂಡರು.

ಎಲ್ಲವೂ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಹಡಗಿನ ಕೆಲಸದ ಕಾರ್ಮಿಕ ಸಂಘದಲ್ಲಿ ಕರಿಯರಿಗೆ ಬೇರೆ ಶಾಖೆ. ನೂರು ವರ್ಷ ದಾಟುವ ತನಕ ಆ ಮ್ಯೂಸಿಯಂನಲ್ಲಿ ರೇಂಜರ್ ಆಗಿದ್ದ ಬೆಟ್ಟಿ ರೀಡ್ ಸಾಸ್ಕಿನ್ ಅದೇ ಶಾಖೆಯಲ್ಲಿ ಗುಮಾಸ್ತೆಯಾಗಿದ್ದವರು. ಇನ್ನು ಜಪಾನಿ ಮೂಲದವರ ವಿಷಯ. ಯುದ್ಧದ ನೆಪದಲ್ಲಿ ಸರ್ಕಾರ ಅವರನ್ನು ಮನೆ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಿತು. ಸ್ಯಾನ್ ಬ್ರೂನೊ ರೈಲು ನಿಲ್ದಾಣದ ಹೊರಗೆ ಇಬ್ಬರು ಪುಟ್ಟ ಹುಡುಗಿಯರ ಕಂಚಿನ ಪ್ರತಿಮೆ ನೋಡಿದೆವಲ್ಲ. ಅವರು ತೊಟ್ಟ ಕೋಟಿಗೆ ಚೀಟಿ ಕಟ್ಟಿದೆ, ಸಾಮಾನಿಗೆ ಕಟ್ಟುವ ಹಾಗೆ. ಅಲ್ಲಿದ್ದ ಕುದುರೆ ಲಾಯದಲ್ಲಿ ಸುಮಾರು 8,000 ಜನರನ್ನು ಇಟ್ಟರು. ರಿಚ್ಮಂಡ್‌ನಲ್ಲಿ ಹೂವು ಬೆಳೆಯುತ್ತಿದ್ದ ಕುಟುಂಬಗಳನ್ನೂ ಎತ್ತಿಕೊಂಡು ಹೋದರು. ಒಟ್ಟು 1,20,000 ಜನ, ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದವರು. ಊರೆಲ್ಲ ಹಂಚಿಕೊಂಡು ತಿನ್ನುವಾಗ ಇವರನ್ನು ಪಂಕ್ತಿಯಿಂದ ಎಬ್ಬಿಸಿ ಕಳಿಸಿದರಲ್ಲ ಅಂತ ನನ್ನ ಹೊಟ್ಟೆ ಉರಿಯುತ್ತದೆ. ಪುಟ್ಟಿ ದೊಡ್ಡವಳಾದ ಮೇಲೆ ಆ ಪ್ರತಿಮೆಯ ಹತ್ತಿರ ಕರೆದುಕೊಂಡು ಹೋಗಿ ಇದನ್ನೂ ಹೇಳು.

ಶಾಲೂ, ಆ ಪುಸ್ತಕಕ್ಕೆ ರುಜು ಹಾಕಿದ ಅಮ್ಮ ಕೆಲಸಕ್ಕೆ ಹೋಗುತ್ತಿದ್ದಳೋ ಇಲ್ಲವೋ ನನಗೆ ತಿಳಿಯದು. ಹೋಗಿದ್ದರೆ ಅವಳೂ ಮೊದಲ ದಿನ ಬಾಗಿಲಲ್ಲಿ ನಿಂತು ಅತ್ತಿರುತ್ತಾಳೆ. ನಾನೂ ಅತ್ತಿದ್ದೆ. ನೀನು ಒಂಬತ್ತು ತಿಂಗಳ ಕೂಸು, ಅಂಗಡಿ ತೆರೆಯುವ ಹೊತ್ತಿಗೆ ಪಕ್ಕದ ಮನೆಯ ಅಜ್ಜಿಯ ಮಡಿಲಿಗೆ ಹಾಕಿ ಬರುತ್ತಿದ್ದೆ. ಸೀಮೆಎಣ್ಣೆ ವಾಸನೆಯ ಕೈಯನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದು ಮಧ್ಯಾಹ್ನ ಓಡಿ ಬಂದರೆ, ನೀನು ಅಜ್ಜಿಯ ಸೆರಗು ಹಿಡಿದುಕೊಂಡು ನಿದ್ದೆ ಮಾಡುತ್ತಿದ್ದೆ. ಆ ಅಜ್ಜಿಯನ್ನು ನಾನು ಈಗಲೂ ದಿನಾ ನೆನೆಯುತ್ತೇನೆ.

ಡೇಕೇರ್ ಶುರುವಾಗುವ ದಿನ ನಾನು ಇಲ್ಲಿ ರಾತ್ರಿ ಎಚ್ಚರವಾಗಿರುತ್ತೇನೆ. ಬಿಟ್ಟು ಬಂದು ಕಾರಿನಲ್ಲಿ ಕೂತ ತಕ್ಷಣ ಫೋನ್ ಮಾಡು. ಅಕ್ಕಿಹಿಟ್ಟು, ರಾಗಿ ಸರಿ, ಕೊಬ್ಬರಿ ಎಣ್ಣೆ ಪಾರ್ಸಲ್ ಮಾಡಿದ್ದೇನೆ. ಕೆಂಪು ಬಿಲ್ಲೆಯನ್ನೂ ಅದರಲ್ಲೇ ಇಟ್ಟಿದ್ದೇನೆ, ನಿನ್ನ ಪರ್ಸಿನಲ್ಲಿರಲಿ. ಪುಟ್ಟಿ ಬಾಯಿಗೆ ಹಾಕಿಕೊಂಡಾಳು, ಹುಷಾರು.

ಹೋದ ತಿಂಗಳು ಪುಟ್ಟಿ 17 ಪೌಂಡ್ ಅಂದಿದ್ದೆ. ಈಗ ಎಷ್ಟಾಗಿದೆ? ಡಾಕ್ಟರ ಹತ್ತಿರ ತೂಗಿಸಿದ ಕೂಡಲೇ ತಿಳಿಸು.

ಇತಿ ನಿನ್ನ
ಅಮ್ಮ